ಕೀಬೋರ್ಡಿನ ತೊಗಲು ಹೊದ್ದ ಪೆಡಲು

ನಿನ್ನೆ ನಮ್ಮ ಹಟ್ಟಿಯಲ್ಲಿ ಒಂದು ಕುರಿಯ ಮರಿ ಸತ್ತಿತು. ಅದರ ತೊಗಲು ಸುಲಿದು ಒಂದು ತಬ್ಬಲಿ ಮರಿಯ ಮೈಗೆ ಕಟ್ಟಿದೆ. ತಾಯಿ ಕುರಿ ಮೂಸಿತು, ತನ್ನದೇ ಅಂದುಕೊಂಡು ಮೊಲೆ ಕೊಟ್ಟಿತು. ಹಸಿ ತೊಗಲಿನ ವಾಸನೆ ಕೈ ತೊಳೆದರೂ ಹೋಗಲಿಲ್ಲ. ಮರಾಠಿ ಸೀಮೆಯ ಉಮರ್ಗಾದ ಆ ರಿಪೇರಿಯವನು ನೆನಪಾದ...

ಬಸ್‌ಸ್ಟ್ಯಾಂಡಿನ ಎದುರು ಅವನ ಅಂಗಡಿ. ರೇಡಿಯೋ, ಕಂಪ್ಯೂಟರು, ಏನು ಕೊಟ್ಟರೂ ಬಿಚ್ಚುತ್ತಿದ್ದ. ನನ್ನ ಮಗಳ ಎಡಗೈ ಬೆರಳುಗಳನ್ನು ದನಕ್ಕೆ ಜೋಳದ ಕಣಿಕೆ ಕತ್ತರಿಸುವ ಯಂತ್ರ ತಿಂದಿತ್ತು. ಅವಳು ಊರ ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮರಾಠಿಯ ಎಷ್ಟೋ ಅಕ್ಷರಕ್ಕೆ ಇನ್ನೊಂದು ಕೈಯಲ್ಲಿ ಶಿಫ್ಟ್ ಕೀಲಿ ಒತ್ತಿ ಹಿಡಿಯಬೇಕು. ಮುಂದಿನ ಸಂತೆಯೊಳಗೆ ಉಳಿದವರ ಹಾಗೆ ಬಡಿಯದಿದ್ದರೆ ಬರಬೇಡ ಎಂದಿದ್ದ ಮಾಲೀಕ. ಪುಣೆಯಿಂದ ಕಾಲಿನಲ್ಲಿ ಒತ್ತುವ ಪೆಡಲು ತರಿಸಿದೆವು. ಕಂಪ್ಯೂಟರು ಅದರ ಗುರುತೇ ಹಿಡಿಯಲಿಲ್ಲ. ಒಯ್ದು ಇವನ ಮುಂದೆ ಇಟ್ಟೆ.

"ಅಕ್ಕಾ, ಇದಕ್ಕ ಇದರದೇ ಡ್ರೈವರ್ ಬೇಕು. ಇದರ ಮಾತು ಕಂಪ್ಯೂಟರಿಗಿ ತಿಳಿಸೋ ಪ್ರೋಗ್ರಾಮ್. ಅದನ್ನ ಬರಿಲಿಕ್ಕ ನನಗ ಬರಂಗಿಲ್ಲ."

"ಹಂಗಾರ ಮಗಳು ಮನ್ಯಾಗ ಕೂಡಬೇಕೇನು?"

ಅವನು ಮೂಲೆಯಿಂದ ಒಂದು ಹಳೇ ಕೀಬೋರ್ಡ್ ಎಳೆದು ಬಿಚ್ಚಿದ. ಅದರ ಹೊಟ್ಟೆಯಲ್ಲಿದ್ದ ಪುಟ್ಟ ಸರ್ಕ್ಯೂಟ್ ಹಲಗೆ ತೆಗೆದು, ಶಿಫ್ಟ್ ಕೀಲಿಯ ತಂತಿಗಳನ್ನು ನಮ್ಮ ಪೆಡಲಿಗೆ ಬೆಸೆದ.

"ಯುಎಸ್‌ಬಿ ವೈರ್ ಚುಚ್ಚಿದ ಕೂಡ್ಲೇ ಕಂಪ್ಯೂಟರ್ ಕೇಳ್ತದ, ನೀ ಯಾವ ಪೈಕಿ ಅಂತ. ಕೀಬೋರ್ಡ್ ಪೈಕಿ ಅಂದ್ರ ಮುಗೀತು. ಆ ಪೈಕಿದವು ಎಲ್ಲಾ ಒಂದೇ ರೀತಿ ಮಾತಾಡ್ತಾವ. ಅವಕ್ಕೆಲ್ಲಾ ಸೇರಿ ಒಂದೇ ಡ್ರೈವರ್, ಮೊದ್ಲೇ ಒಳಗ ಅದ. ಹೊಸದು ಯಾರೂ ಬರಿಯೂದು ಬ್ಯಾಡ."

"ಕಂಪ್ಯೂಟರೂ ಕುಲ ಕೇಳ್ತದೇನೋ ತಮ್ಮಾ?"

"ಕೇಳ್ತದ. ಆದ್ರ ಯಾರ ಮನ್ಯಾಗ ಹುಟ್ಟೀದಿ ಅಂತ ತಕರಾರು ಮಾಡಂಗಿಲ್ಲ. ಯಾವ ಕಂಪನಿದಾದ್ರೂ ನಡೀತದ."

ಸತ್ತ ಮರಿಯ ತೊಗಲನ್ನು ತಬ್ಬಲಿಗೆ ಕಟ್ಟುವ ನಮ್ಮ ಹಟ್ಟಿಯ ರೂಢಿ ಹೇಳಿದೆ. ಬಿದ್ದು ಬಿದ್ದು ನಕ್ಕ. "ಅಷ್ಟೇ ನೋಡ್ರಿ ಅಕ್ಕಾ! ಪೆಡಲಿಗಿ ಕೀಬೋರ್ಡಿನ ತೊಗಲು ಹೊದಿಸೀನಿ."

ಸಂತೆಯ ದಿನ ಮಗಳು ಕಾಲಲ್ಲಿ ಶಿಫ್ಟ್ ಒತ್ತಿ, ಬಲಗೈಯಲ್ಲಿ ಅಕ್ಷರ ಬಡಿದಳು. ಮಾಲೀಕ ಹಿಂದೆ ನಿಂತು ನೋಡಿ, "ಹೂಂ, ನಾಳಿಗಿ ಲಗೂ ಬಾ" ಅಂದ. ಅಷ್ಟೇ. ಅಷ್ಟು ಸಾಕಿತ್ತು.

ಈಗ ಅವಳದೇ ಅಂಗಡಿ ಇದೆ. ಕಂಪ್ಯೂಟರುಗಳು ಬದಲಾದವು, ಪೆಡಲು ಅದೇ. ಹೊಸದಕ್ಕೆ ಚುಚ್ಚಿದರೂ ಬಾ ಎಂದು ಕರೆದುಕೊಳ್ಳುತ್ತದೆ. ಆ ರಿಪೇರಿಯವನು ತೀರಿಹೋದ. ನನಗೆ ಸುದ್ದಿ ಮುಟ್ಟಿದಾಗ ಅವನ ಜಾಗದಲ್ಲಿ ಚಪ್ಪಲಿ ಮಾರುತ್ತಿದ್ದರು... ಮಣ್ಣು ಕೊಡಲಿಕ್ಕೂ ಹೋಗಲಾಗಲಿಲ್ಲ.

ತಬ್ಬಲಿ ಮರಿ ಇವತ್ತು ತಾನಾಗಿಯೇ ಹೋಗಿ ಕುಡಿಯಿತು. ಪೆಡಲು ಯಾರ ಕೈಕೆಲಸ ಎಂದು ಯಾವ ಕಂಪ್ಯೂಟರೂ ಇಲ್ಲಿಯವರೆಗೆ ಕೇಳಿಲ್ಲ. ನಾನಂತೂ ಕೇಳದವರಿಗೂ ಹೇಳುತ್ತೇನೆ.