ಎರಡು ಬೆರಳಿನ ಸಡಿಲ

ಬ್ರೇಕ್ ಅಕ್ಕನಿಗೆ ಆ ಹೆಸರು ಬಂದದ್ದು ಕಾರು ಕಲಿಯಲು ಬಂದವರ ಬಾಯಿಂದ. ಪಕ್ಕದ ಸೀಟಿನಲ್ಲಿ ಕೂತು ಇಪ್ಪತ್ತೆರಡು ವರ್ಷ "ಬ್ರೇಕು, ಬ್ರೇಕು" ಎಂದು ಕೂಗಿದವಳಿಗೆ ಇನ್ನೇನು ಹೆಸರು ಬಂದೀತು? ಕಾರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ದಿನಕ್ಕೆ ಐದು ಜನ ಬರುತ್ತಿದ್ದರು, ಮೂರು ವಾರ ಕಲಿಯುತ್ತಿದ್ದರು, ಆಮೇಲೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಅಕ್ಕನ ಫೋನಿನಲ್ಲಿ ಅವರಿಗೆ ಹೆಸರೂ ಇರಲಿಲ್ಲ. "ಬೆಳಗ್ಗೆ ಆರು", "ಸಂಜೆ ಐದೂವರೆ" ಎಂದಷ್ಟೇ ಇತ್ತು.

ಆಗ ಐದೂವರೆಗೆ ಬರುತ್ತಿದ್ದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ನೇರ ರಸ್ತೆಯಲ್ಲೂ ಅವಳ ಕೈಯಲ್ಲಿ ಕಾರು ಓಲಾಡುತ್ತಿತ್ತು.

"ನೆಟ್ಟಗೆ ಹಿಡಿಯಮ್ಮ. ಹಿಟ್ಟು ಕಲಸ್ತಿದ್ದೀಯಾ?"

"ನಾನು ತಿರುಗಿಸ್ತಾನೇ ಇದ್ದೀನಿ ಅಕ್ಕ, ಗಾಡಿನೇ ಕೇಳ್ತಿಲ್ಲ."

"ಗಾಡಿ ಮೇಲೆ ಯಾಕೆ ತಪ್ಪು ಹೊರಿಸ್ತೀಯ? ಎರಡು ವಾರ ಆಯ್ತು, ಹತ್ತು ಮಾರು ನೆಟ್ಟಗೆ ಓಡ್ಸಿಲ್ಲ ನೀನು."

ಹೆಂಗಸಿನ ಕಣ್ಣು ತುಂಬಿತು. ಕಾರನ್ನು ಬದಿಗೆ ನಿಲ್ಲಿಸಿ ಇಳಿದು ಹೋದಳು.

ಅಕ್ಕ ಆಚೆ ಸೀಟಿಗೆ ಸರಿದು ಮನೆ ಕಡೆ ಹೊರಟಳು. ತಿರುವಿನಲ್ಲಿ ಎದುರಿಗೊಂದು ಬಸ್ಸು ಬಂತು. ಸ್ಟೀರಿಂಗನ್ನು ಎಡಕ್ಕೆ ಎಳೆದರೆ ಎರಡು ಬೆರಳಗಲ ಸುಮ್ಮನೆ ತಿರುಗಿತು. ಆಮೇಲಷ್ಟೇ ಚಕ್ರ ಹೊರಳಿತು. ಬಸ್ಸು ಕೂದಲೆಳೆಯಲ್ಲಿ ತಪ್ಪಿತು. ಈ ಸಡಿಲ ಒಂದು ದಿನದ್ದಲ್ಲ. ಅದು ದಿನಾ ಒಂದಿಷ್ಟು ಬೆಳೆದಿತ್ತು, ಇವಳ ಕೈ ದಿನಾ ಒಂದಿಷ್ಟು ಹೊಂದಿಕೊಂಡಿತ್ತು. ಕೇಳುವವರಿಲ್ಲದೆ ಬದುಕಿದರೆ ಎಷ್ಟಕ್ಕೆಲ್ಲ ಹೊಂದಿಕೊಂಡುಬಿಡುತ್ತೇವೆ ಎಂದುಕೊಂಡಳು.

ಮರುದಿನ ಭಾನುವಾರ. ಪಾಠವಿರಲಿಲ್ಲ. ಅಂಗಳದಲ್ಲಿ ಕಾರಿನ ಮುಂದಿನ ಚಕ್ರಗಳನ್ನು ಎರಡು ಕಬ್ಬಿಣದ ಇಳಿಜಾರುಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿದಳು. ಅಷ್ಟಾದ ಮೇಲೆ ಸುಮ್ಮನೆ ನಿಂತಳು. ಇದು ಇಬ್ಬರ ಕೆಲಸ. ಒಬ್ಬರು ಮೇಲೆ ಸ್ಟೀರಿಂಗ್ ಅಲ್ಲಾಡಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ಯಾವ ಕೀಲು ಕದಲುತ್ತದೆ ಎಂದು ನೋಡಬೇಕು. ಅಪ್ಪ ಇದ್ದಾಗ ಅವನು ಕೆಳಗೆ, ಇವಳು ಮೇಲೆ. ಅಪ್ಪ ಹೋಗಿ ಆರು ವರ್ಷ. ಫೋನಿನಲ್ಲಿ ಹೆಸರಿನ ಬದಲಿದ್ದ ಗಂಟೆಗಳನ್ನೆಲ್ಲ ಮೇಲೆ ಕೆಳಗೆ ಸರಿಸಿದಳು. ಕೊನೆಗೆ ಧೈರ್ಯ ಮಾಡಿ "ಸಂಜೆ ಐದೂವರೆ"ಗೇ ಕರೆ ಮಾಡಿದಳು.

"ತಪ್ಪು ನಿಂದಲ್ಲ ಕಣಮ್ಮ, ಗಾಡೀದೇ. ಒಂದ್ ಹತ್ತು ನಿಮಿಷ ಬಂದು ಸ್ಟೀರಿಂಗ್ ಅಲ್ಲಾಡಿಸ್ತೀಯಾ?"

"ಅದನ್ನ ನಿನ್ನೇನೇ ಹೇಳಿದ್ನಲ್ಲ ಅಕ್ಕ," ಎಂದಳು ಹೆಂಗಸು. ಆದರೂ ಬಂದಳು.

"ಎಡಕ್ಕೆ, ಬಲಕ್ಕೆ. ಸಣ್ಣಗೆ ಆಡಿಸು," ಎಂದು ಅಕ್ಕ ಕೆಳಗಿನಿಂದ ಹೇಳುತ್ತ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟಳು. ಬಲ ಚಕ್ರದ ಹತ್ತಿರ, ಸ್ಟೀರಿಂಗಿನ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡಿನ ಗುಂಡುಕೀಲು ಅಂಗೈಗೆ ಟಕ್ ಟಕ್ ಎಂದು ಹೊಡೆಯಿತು. ಮೇಲಿನ ರಬ್ಬರ್ ಹರಿದು, ಗ್ರೀಸ್ ಒಣಗಿ, ಗುಂಡು ಸವೆದಿತ್ತು.

"ಸಿಕ್ತು!" ಎಂದು ಕೂಗಿದಳು. ಹಾಗೆ ಕೂಗಿದರೆ ಕೇಳುವ ಕಿವಿ ಆ ಅಂಗಳದಲ್ಲಿ ಬಹಳ ದಿನದಿಂದ ಇರಲಿಲ್ಲ.

ಹೆಂಗಸು ಕೈ ತೊಳೆದು, ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದಳು. ಉಳಿದದ್ದನ್ನು ಅಕ್ಕ ಒಬ್ಬಳೇ ಮಾಡಿದಳು. ಹೊಸ ಕೀಲು ತಂದಳು, ಹಳೆಯದನ್ನು ಎಷ್ಟು ಸುತ್ತು ತಿರುಗಿಸಿ ಬಿಚ್ಚಿದಳೋ ಅಷ್ಟೇ ಸುತ್ತು ಹೊಸದನ್ನು ತಿರುಗಿಸಿ ಬಿಗಿದಳು, ಸೋಮವಾರ ಟೈರಿನ ಅಂಗಡಿಯಲ್ಲಿ ಚಕ್ರಗಳನ್ನು ನೇರ ಮಾಡಿಸಿದಳು. ಸಂಜೆ ಹೆಂಗಸಿನ ಕೈಯಲ್ಲಿ ಕಾರು ಗೆರೆ ಎಳೆದ ಹಾಗೆ ಓಡಿತು. ಅಕ್ಕ ಒಮ್ಮೆಯೂ ಬ್ರೇಕ್ ಎನ್ನಲಿಲ್ಲ.

ಮುಂದಿನ ವಾರ ಪರೀಕ್ಷೆ ಪಾಸಾಯಿತು. ಲೈಸೆನ್ಸ್ ಕಚೇರಿಯ ಗೇಟಿನಲ್ಲಿ ಹೆಂಗಸು ಅಕ್ಕನ ಎರಡೂ ಕೈ ಹಿಡಿದುಕೊಂಡಳು, "ಬರ್ತೀನಿ ಅಕ್ಕ" ಎಂದು ಗಂಡನ ಬೈಕ್ ಹತ್ತಿ ಹೊರಟಳು. ಅಕ್ಕ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಸುತ್ತು ದಾರಿ ಹಿಡಿದಳು. ಸ್ಟೀರಿಂಗ್ ಹೂವೆತ್ತಿದಷ್ಟು ಹಗುರವಾಗಿತ್ತು. ಅದನ್ನು ಹೇಳೋಣವೆಂದು ಪಕ್ಕಕ್ಕೆ ತಿರುಗಿದಳು. ಪಕ್ಕದ ಸೀಟಿನಲ್ಲಿ ಪಾಠದ ಪುಸ್ತಕ ಮಾತ್ರ ಇತ್ತು.