ಮಾವನ ಮನೆಗೆ ಹೋದ ಮಕ್ಕಳು

ಮೊನ್ನೆ ಪುತ್ತೂರಿನ ಬಸ್ಸಿನಲ್ಲಿ ಯಾರೋ ರಬ್ಬರ್ ಶೀಟಿನ ಕಟ್ಟೊಂದನ್ನು ನನ್ನ ಸೀಟಿನಡಿಗೆ ತಳ್ಳಿದರು. ಹೊಗೆಗೆ ಹಾಕಿದ ಶೀಟಿನ ಆ ನಾತಕ್ಕೆ ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಮಾತ್ರ ನೆಲ್ಯಾಡಿಯಾಚೆಯ ಗುಡ್ಡದ ಒಂದು ಕಿರಿಯ ಪ್ರಾಥಮಿಕ ಶಾಲೆ ನೆನಪಾಗಿ, ಇಳಿಯುವ ಸ್ಟಾಪೇ ತಪ್ಪಿಹೋಯಿತು. ಶಾಲೆಯ ಪಕ್ಕದಲ್ಲೇ ರಬ್ಬರಿನ ಹೊಗೆಮನೆಯಿತ್ತು. ಶಾಲೆ ಈಗಿಲ್ಲ.

ನನ್ನ ಉದ್ಯೋಗವನ್ನು ಹೇಳಿಬಿಡುತ್ತೇನೆ. ಹೇಳಿದರೂ ಯಾರಿಗೂ ಅರ್ಥವಾಗುವುದಿಲ್ಲ ಎಂಬುದು ಬೇರೆ ಮಾತು. ಸರ್ಕಾರ ತನ್ನ ಅನುಕೂಲಕ್ಕೆ ಬರೆದಿಡುವ ದಾಖಲೆಗಳನ್ನು ತಂದು ಒಂದೇ ಮಗುವನ್ನು ವರ್ಷ ವರ್ಷವೂ ಹಿಂಬಾಲಿಸುವುದು, ಅದು ಮುಂದೆ ಓದಿದ್ದರಲ್ಲಿ ಮನೆಯ ಪಾಲೆಷ್ಟು, ಶಾಲೆಯ ಪಾಲೆಷ್ಟು ಎಂದು ಬೇರ್ಪಡಿಸುವುದು. ಪುಸ್ತಕದಲ್ಲಿ ಇದಕ್ಕೆ ರಿಗ್ರೆಶನ್ ಎಂದು ಹೆಸರು. "ನಿಂಗೆ ಕೆಲಸ ಎಂತ ಮಾರಾಯ?" ಎಂದು ಅಮ್ಮ ಕೇಳಿದ್ದಳು. "ಬೇರೆಯವರ ಮಕ್ಕಳು ಎಲ್ಲಿ ಹೋದ್ರು ಅಂತ ನೋಡುದು" ಎಂದೆ. "ಅದಕ್ಕೂ ಸಂಬಳ ಉಂಟಾ!" ಎಂದು ಬಾಯಿಗೆ ಸೆರಗಿಟ್ಟು ನಕ್ಕಳು.

ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಸುಮತಿ ಟೀಚರ್. ಶಾಲೆಯನ್ನು ಮುಚ್ಚಿ ಪೇಟೆಯ ಶಾಲೆಗೆ ಸೇರಿಸುವ ಮಾತು ಎದ್ದಾಗ ಅವರೇ ನನ್ನನ್ನು ಕರೆಸಿದರು. ಅಲ್ಲಿ ಕಲಿತ ಮಕ್ಕಳು ಐದನೆಯ ತರಗತಿಯ ನಂತರ ಓದು ಬಿಡುತ್ತಾರೆ ಎಂಬುದು ಮೇಲಿನವರ ಲೆಕ್ಕ. "ಬಿಡುದಾ? ನನ್ನ ಮಕ್ಕಳಾ?" ಎಂದು ಟೀಚರ್ ಕೆಂಡವಾಗಿದ್ದರು. "ನೀವು ಸರಿ ನೋಡಿ ಹೇಳಿ ಮಾರಾಯ್ರೆ."

ನೋಡಿದೆ. ನನ್ನ ಲೆಕ್ಕದಲ್ಲೂ ಮಕ್ಕಳು ಮಾಯ. ಸಾಲದ್ದಕ್ಕೆ ಕಡಬ ಹೊಸ ತಾಲೂಕಾಗಿತ್ತು. ಪುತ್ತೂರಿನಲ್ಲಿ ಮಲಗಿದ ಊರುಗಳು ಕಡಬದಲ್ಲಿ ಎದ್ದು, ನನ್ನ ಕಂಪ್ಯೂಟರಿನಲ್ಲಿ ಊರಿಗೆ ಊರೇ ಸತ್ತು ಮತ್ತೆ ಹುಟ್ಟಿತ್ತು. ಅದನ್ನೆಲ್ಲ ಹೊಂದಿಸಿದ ಮೇಲೂ ಮಕ್ಕಳು ಸಿಗಲಿಲ್ಲ. ಕೊನೆಗೆ ತಲೆಗೆ ಹೊಳೆದದ್ದು ನನ್ನದೇ ಕತೆ: ನಾನೂ ಸೋದರಮಾವನ ಮನೆಯಲ್ಲಿದ್ದು ಓದಿದವನು! ನಮ್ಮ ಕಡೆ ದೊಡ್ಡ ಶಾಲೆ ಹತ್ತಿರವಿರುವ ಮಾವನ ಮನೆಗೆ ಮಗುವನ್ನು ಕಳಿಸುವುದು ಹಳೆಯ ರೂಢಿ. ಹೊಸ ಶಾಲೆಯಲ್ಲಿ ಪೋಷಕನ ಜಾಗಕ್ಕೆ ಮಾವ, ವಿಳಾಸಕ್ಕೆ ಮಾವನ ಮನೆ, ಮಗುವಿಗೆ ಹೊಸ ಸಂಖ್ಯೆ. ದಾಖಲೆಯ ಮಟ್ಟಿಗೆ ಕಡಬದಲ್ಲಿ ಒಬ್ಬಳು ಓದು ಬಿಟ್ಟಳು, ಸುಳ್ಯದಲ್ಲಿ ಇನ್ನೊಬ್ಬಳು ಸೇರಿದಳು. ಟೀಚರೂ 'ಶಾಲೆ ಬಿಟ್ಟಿದ್ದಾಳೆ' ಎಂದಷ್ಟೇ ಬರೆದಿದ್ದರು. "ಮಾವನ ಮನೆಗೆ ಹೋಗುದು ಊರಿಗೆಲ್ಲ ಗೊತ್ತುಂಟಲ್ಲ, ಅದನ್ನು ಬರಿಯುದು ಎಂತಕ್ಕೆ?" ಎಂದು ನನ್ನನ್ನೇ ಕೇಳಿದರು.

ಆಮೇಲೆ ಮಕ್ಕಳು ಹುಟ್ಟಿದ ದಿನ, ಹುಟ್ಟಿದ ಊರು ಹಿಡಿದು ಹುಡುಕಿದೆ. ಮಂಡೆಕೋಲಿನಲ್ಲಿ ಸಿಕ್ಕರು, ಕುಂಬ್ರದಲ್ಲಿ ಸಿಕ್ಕರು. ತಪ್ಪಿಸಿಕೊಂಡ ದನ ಕೊಟ್ಟಿಗೆಗೆ ಬಂದಷ್ಟು ಖುಷಿ. ಮನೆಯ ಪಾಲನ್ನು ಕಳೆದರೂ ಆ ಶಾಲೆಯ ಮಕ್ಕಳೇ ಸುತ್ತಲಿನವರಿಗಿಂತ ಮುಂದೆ ಓದಿದ್ದರು. ಏಕೆಂದು ಮಾತ್ರ ನನ್ನ ಲೆಕ್ಕ ಹೇಳಲಿಲ್ಲ.

ಆದರೆ ನಮ್ಮ ವಿಧಾನಕ್ಕೆ ಅವಸರ ತಿಳಿಯದು. ಪ್ರತಿಯೊಂದಕ್ಕೂ ಮುಂದಿನ ವರ್ಷದ ದಾಖಲೆ ಬರಬೇಕು. ನಾನು ಉತ್ತರ ಹಿಡಿದುಕೊಂಡು ಗುಡ್ಡ ಹತ್ತುವಾಗ ಶಾಲೆಗೆ ಬೀಗ ಬಿದ್ದಿತ್ತು. ಟೀಚರ್ ತಮ್ಮ ಮನೆಯ ಜಗಲಿಯಲ್ಲಿ ಕೂತು ನನ್ನ ವರದಿಯನ್ನು ನಿಧಾನವಾಗಿ ಓದಿ, "ಒಳ್ಳೇದಾಯ್ತು. ಇನ್ನು ಯಾರಿಗೆ ತೋರಿಸುದು?" ಎಂದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಕೋಪವಿರಲಿಲ್ಲ.

ಮೊನ್ನೆ ಬಸ್ಸಿಳಿದು ಮನೆಗೆ ಬಂದವನೇ ಈಚಿನ ವರ್ಷಗಳ ದಾಖಲೆ ತೆರೆದೆ. ಗುಡ್ಡದ ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಿದ್ದಾರೆ. ಅಲ್ಲಿಂದ ಮುಂದೆ ಕೆಲವು ಹುಡುಗಿಯರು ಕಾಣಿಸುವುದಿಲ್ಲ. ನಾನು ಗಾಬರಿಯಾಗಲಿಲ್ಲ, ಮಾವಂದಿರ ಮನೆಯ ದಾರಿ ಈಗ ಗೊತ್ತಿತ್ತಲ್ಲ. ಮಂಡೆಕೋಲು ನೋಡಿದೆ, ಕುಂಬ್ರ ನೋಡಿದೆ, ಮೂರೂ ತಾಲೂಕಿನ ಶಾಲೆಗಳನ್ನು ಜಾಲಾಡಿದೆ. ಇಲ್ಲ.

ಟೀಚರಿಗೆ ಫೋನ್ ಮಾಡಿದೆ. "ಮಾವಂದಿರ ಮನೆಯಲ್ಲೂ ಇಲ್ಲ ಟೀಚರೇ."

"ಮಾವಂದಿರು ಅವರಾಗಿಯೇ ಬಂದು ಕರ್ಕೊಂಡು ಹೋಗ್ತಿದ್ರು ಅಂತ ಎಣಿಸಿದ್ದಾ ನೀವು?" ಎಂದರು. "ಒಬ್ಬೊಬ್ಬ ಮಾವನ ಅಂಗಳಕ್ಕೂ ಹೋಗಿ, 'ಸೋದರಸೊಸೆಯನ್ನು ಓದಿಸಿ' ಅಂತ ಹೇಳ್ತಾ ಇದ್ದದ್ದು ನಾನಲ್ವಾ! ಶಾಲೆಯೇ ಇಲ್ಲದ ಮೇಲೆ ಈಗ ಹೇಳ್ಲಿಕ್ಕೆ ಯಾರುಂಟು?" ಮರುಕ್ಷಣವೇ, "ಯಾರೆಲ್ಲ, ಹೆಸರು ಹೇಳಿ. ನಾನೇ ಹೋಗ್ತೇನೆ" ಎಂದರು.

ನಮಗೆ ಕೊಡುವ ದಾಖಲೆಯಲ್ಲಿ ಮಕ್ಕಳ ಹೆಸರುಗಳನ್ನು ಅಳಿಸಿರುತ್ತಾರೆ. ಇಷ್ಟು ವರ್ಷ ಹಿಂಬಾಲಿಸಿದ ಹುಡುಗಿಯರು. "ಹೆಸರು ಗೊತ್ತಿಲ್ಲ ಟೀಚರೇ" ಎನ್ನುವಾಗ ನನಗೆ ಅಳು ಬಂತು.