ಕರಿತಲೆ ಮಿಂಚುಳ್ಳಿಗಾಗಿ ಮಳಿ ಹೆಕ್ಕಿದ್ದು

ಬಸ್ರೂರಿನ ಹೊಳೆಯಲ್ಲಿ ಹಕ್ಕಿಗಳ ಫೋಟೊ ತೆಗೆಯಲು ನನ್ನ ಹೆಂಡತಿ ಎದೆಮಟ್ಟದ ನೀರಿನಲ್ಲಿ ಕೂರುತ್ತಿದ್ದಳು. ಅವಳದು ಮಳಿ ಹೆಕ್ಕುವವರ ಮನೆ. ಸಮುದ್ರದ ಇಳಿತಕ್ಕೆ ನೀರು ಇಳಿದಾಗ ಹೆಂಗಸರು ಹೊಳೆಗೆ ಹೋಗಿ, ಕೆಸರಿನಲ್ಲಿ ಹುದುಗಿದ ಆ ಚಿಪ್ಪುಮೀನುಗಳನ್ನು ಕೈಯಿಂದ ತಡಕಿ ತೆಗೆಯುತ್ತಾರೆ. ಪಕ್ಕದಲ್ಲಿ ಅಲ್ಯೂಮಿನಿಯಂ ಪಾತ್ರೆ ತೇಲುತ್ತಿರುತ್ತದೆ. ಬೆಳ್ಳಕ್ಕಿಗಳು ಹೆದರದೆ ಅವರ ಸುತ್ತಲೇ ಮೇಯುತ್ತವೆ. ಅವಳ ಪಾತ್ರೆಯಲ್ಲಿ ಮಳಿಯ ಜೊತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕ್ಯಾಮೆರಾ ಕೂಡ ಇರುತ್ತಿತ್ತು.

ದಡದಲ್ಲಿ ನಿಂತು ತೆಗೆದರೆ ಹಕ್ಕಿಯ ಬೆನ್ನು ಸಿಗುತ್ತದೆ. ಅವಳ ಫೋಟೊಗಳಲ್ಲಿ ಹಕ್ಕಿ ನೇರವಾಗಿ ನಮ್ಮನ್ನೇ ನೋಡುತ್ತದೆ. ಸಾಸ್ತಾನದ ನನ್ನ ಸೈಕಲ್ ಅಂಗಡಿಯ ಗೋಡೆ ತುಂಬ ಅವೇ ಇವೆ.

ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅವಳ ಕ್ಯಾಮೆರಾಕ್ಕೆ ಸಿಗದೆ ಉಳಿದದ್ದು ಕರಿತಲೆ ಮಿಂಚುಳ್ಳಿ. ಮಾವಿನ ಮಿಡಿ ಬಲಿಯುವ ಹೊತ್ತಿಗೆ ಅದು ನಮ್ಮ ಹೊಳೆ ಬಿಟ್ಟು ಹೋಗುತ್ತದೆ. ಈ ವಸಂತದಲ್ಲಿ ಅದು ಹೋಗುವ ಮೊದಲೇ ಅದರ ಫೋಟೊ ತೆಗೆಯಬೇಕೆಂದು ಅವಳ ಕ್ಯಾಮೆರಾ ಹಿಡಿದು ಹೊರಟೆ.

ಮೊದಲ ದಿನ ದಡದಲ್ಲಿ ನನ್ನನ್ನು ಕಂಡದ್ದೇ ಹಕ್ಕಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಒಳಗೆ ಸೇರಿತು. ಮರುದಿನ ನೀರಿಗಿಳಿದು ಅಲುಗಾಡದೆ ಕೂತೆ. ಆಗಲೂ ಹಾರಿತು. ಅಲ್ಲೇ ಮಳಿ ಹೆಕ್ಕುತ್ತಿದ್ದ ಹೆಂಡತಿಯ ಅಕ್ಕನಿಗೆ ನಗು.

"ಹ್ವಾಯ್ ಭಾವಯ್ಯ, ಎಂತ ಬೊಂಬೆ ಹಾಂಗೆ ಕೂಕಂಡಿದ್ರಿ? ಸುಮ್ನೆ ಕೂತವ್ರನ್ನ ಕಂಡ್ರೇ ಹಕ್ಕಿಗೆ ಹೆದ್ರಿಕೆ. ಮಳಿ ಹೆಕ್ಕಿ."

"ಹಕ್ಕಿ ಬಂದ್ರೆ?"

"ಬಂದ್ರೂ ಹೆಕ್ಕಿ. ಹಕ್ಕಿ ಸಿಗ್ದಿದ್ರೆ ಸಾರಿಗಾದ್ರೂ ಆತ್ತ್."

ಹೆಕ್ಕಿದೆ. ಚಿಪ್ಪಿನ ಅಂಚು ತಾಗಿ ಬೆರಳು ಸೀಳಿತು. ಉಪ್ಪುನೀರಿನ ಉರಿ ರಾತ್ರಿಯವರೆಗೂ ಇತ್ತು. ಇಂಥ ಕೈಯಲ್ಲೇ ಅವಳು ಅನ್ನ ಕಲಸಿ ಉಣ್ಣುತ್ತಿದ್ದಳಲ್ಲ ಎಂದುಕೊಂಡೆ. ದಿನವೂ ಹೋದೆ. ಹಕ್ಕಿಗಿಂತ ಚಿಪ್ಪಿನ ಮೇಲೇ ಗಮನ ನಿಲ್ಲತೊಡಗಿದ ಮೇಲೆ, ಒಂದು ಬೆಳಿಗ್ಗೆ ತಲೆ ಎತ್ತಿದರೆ ಎದುರಿನ ಬಲೆಗೂಟದ ಮೇಲೆ ಅದು ಕೂತಿತ್ತು. ಕೆಂಪು ಕೊಕ್ಕು, ಕಪ್ಪು ತಲೆ, ಗಾಢ ನೀಲಿ ಬೆನ್ನು. ಎಡಗೈ ಕೆಸರಿನಲ್ಲೇ ಇತ್ತು. ಬಲಗೈಯಲ್ಲಿ ಕ್ಯಾಮೆರಾ ಎತ್ತಿ ಒತ್ತಿದೆ. ಹಕ್ಕಿ ರೆಕ್ಕೆ ಕೊಡವಿ ಅಲ್ಲೇ ಕೂತಿತು.

ಅಕ್ಕ ಸೆರಗಿಗೆ ಕೈ ಒರೆಸಿ, ಕ್ಯಾಮೆರಾದಲ್ಲಿ ಬಹಳ ಹೊತ್ತು ನೋಡಿದಳು.

"ಓರೆ ಬಂದಿತ್ತ್. ಅವ್ಳಾದ್ರೆ ನೆಟ್ಟಗೆ ತೆಗೀತಿದ್ಲ್." ಆಮೇಲೆ ದನಿ ತಗ್ಗಿಸಿ, "ಆದ್ರೆ ಹಕ್ಕಿ ನಿಮ್ಮನ್ನ ನಮ್ಮವ್ರಂದೇ ತಿಳ್ಕಂಡಿತ್ತ್ ಕಾಣಿ" ಎಂದಳು.

ಓರೆಯನ್ನು ನಾನು ಸರಿಮಾಡಿಸಲಿಲ್ಲ. ಅಂಗಡಿಯ ಗೋಡೆಯಲ್ಲಿ ಹೆಂಡತಿಯ ಫೋಟೊಗಳ ಸಾಲಿನ ಕೊನೆಗೆ ಹಾಗೆಯೇ ಹಾಕಿದ್ದೇನೆ. ಚಕ್ರಕ್ಕೆ ಗಾಳಿ ಹಾಕಿಸಲು ಬಂದವರು ಅದರ ಮುಂದೆ ನಿಂತರೆ, ಯಾರು ತೆಗೆದದ್ದೆಂದು ಅವರು ಕೇಳುವವರೆಗೆ ಕಾಯುವ ತಾಳ್ಮೆ ನನಗಿಲ್ಲ.